ಕನ್ನಡಿಯಲ್ಲಿ ಕಾಣುವ ಕಡೆ

"ಅಮ್ಮಾ, ಎಡಕ್ಕೆ. ಎಡಕ್ಕೆ ಅಂದ್ನಲ್ಲಾ!" ಹಿಂದೆ ನಿಂತು ಮರ್ನಿ ಕೂಗಿದಳು.

ಪಿಕಪ್ ನಿಂತಿತು. ಹಿಂದೆ ಕಟ್ಟಿದ್ದ ಟ್ರೇಲರ್, ಅಂದರೆ ಮಂಚ, ಒಲೆ, ಫ್ರಿಜ್ಜು ಎಲ್ಲ ತುಂಬಿದ ಗಾಲಿಯ ಮನೆ, ಪೈನ್ ಮರಕ್ಕೆ ಮುತ್ತು ಕೊಡುವಷ್ಟು ಹತ್ತಿರ ಬಂದಿತ್ತು.

"ಎಡಕ್ಕೇ ತಿರುಗ್ಸಿದ್ದು ಕಣೇ," ಎಂದಳು ಅಮ್ಮ ಕಿಟಕಿಯಿಂದ. "ಈ ದರಿದ್ರದ್ದು ಬಲಕ್ಕೆ ಹೋದ್ರೆ ನಾನೇನ್ ಮಾಡ್ಲಿ?"

ಸರೋವರದ ದಡದ ಆ ಕ್ಯಾಂಪಿಗೆ ಸಿನಿಮಾ ಬೇಕಿಲ್ಲ. ಯಾರಾದರೂ ಟ್ರೇಲರನ್ನು ರಿವರ್ಸ್‌ನಲ್ಲಿ ತಮ್ಮ ಜಾಗಕ್ಕೆ ತೂರಿಸಲು ಶುರು ಮಾಡಿದರೆ ಸಾಕು, ನೋಡಲು ಎಲ್ಲರ ಮಡಚುವ ಕುರ್ಚಿಗಳು ಹೊರಬರುತ್ತವೆ. ಪ್ರತಿ ಬೇಸಿಗೆ ಅಪ್ಪ ಒಂದೇ ಸಲಕ್ಕೆ ಒಳಗೆ ಹಾಕಿಬಿಡುತ್ತಿದ್ದ. ಆಮೇಲೆ ಮರ್ನಿ ಮುಂದಿನ ಸಾಲಿನಲ್ಲಿ ಕುಳಿತು ಬೇರೆಯವರಿಗೆ ಮಾರ್ಕ್ಸ್ ಕೊಡುತ್ತಿದ್ದಳು. ಈ ಸಲ ಅಪ್ಪ ಕಾಡ್ಗಿಚ್ಚು ಆರಿಸುವ ಕೆಲಸಕ್ಕೆ ಹೋಗಿದ್ದ. ಕುರ್ಚಿಗಳೆಲ್ಲ ಮರ್ನಿಯ ಕಡೆಗೇ ತಿರುಗಿದ್ದವು.

"ಹತ್ತಕ್ಕೆ ಎರಡು," ಎಂದ ಎದುರಿನ ಟ್ರೇಲರಿನ ಓರ್ವಿಲ್ ತಾತ, ಕಾಫಿ ಹೀರುತ್ತಾ. "ಅದೂ ಮರ ಉಳ್ದಿದ್ದಕ್ಕೆ."

ಎಲ್ಲರೂ ನಕ್ಕರು. ಮರ್ನಿಯ ಕಿವಿ ಟೊಮೆಟೊ ಆಯಿತು.

"ಇನ್ನೊಂದೇ ಸಲ," ಎಂದಳು ಅಮ್ಮ. "ಆಗ್ಲಿಲ್ಲ ಅಂದ್ರೆ ಮನೆಗೆ ವಾಪಸ್."

ವಾಪಸ್ಸಾ? ದೋಣಿ ಇಲ್ಲ, ಮೀನಿಲ್ಲ, ಬೆಂಕಿಯಲ್ಲಿ ಸುಟ್ಟ ಹಾಟ್‌ಡಾಗ್ ಇಲ್ಲ. ಮರ್ನಿ ಟ್ರೇಲರಿನ ಬೆನ್ನ ಹಿಂದೆ ಓಡಿ, ಗಂಟಲು ಹರಿಯುವಂತೆ ಕೂಗಿದಳು. "ಬಾ ಅಮ್ಮಾ, ಬಾ!"

ಪಿಕಪ್ ಅಲುಗಲಿಲ್ಲ.

"ಎಲ್ಲಿದ್ದೀಯೇ? ನೀನು ಕಾಣ್ದೆ ನಾನು ಒಂದಿಂಚೂ ಬರಲ್ಲ."

ಮರ್ನಿ ಪಕ್ಕಕ್ಕೆ ಬಂದು ಇಣುಕಿದಳು. ಪಿಕಪ್ಪಿನ ಬಾಗಿಲ ಪಕ್ಕದ ಕನ್ನಡಿಯಲ್ಲಿ ಅಮ್ಮನ ಮುಖ ಕಂಡಿತು. ಬೆವರಿದ ಹಣೆ, ಕಚ್ಚಿಕೊಂಡ ತುಟಿ. ಇಷ್ಟು ಹೊತ್ತೂ ಅಮ್ಮ ಅವಳನ್ನೇ ಹುಡುಕುತ್ತಿದ್ದಳು.

"ಹಾಂ, ಅಲ್ಲೇ ಇರು. ಟ್ರೇಲರ್ ಹಿಂಭಾಗ ಎಲ್ಲಿಗೆ ಬರ್ಬೇಕೋ ಆ ಕಡೆ ಕೈ ತೋರ್ಸು, ಸಾಕು. ರಿವರ್ಸ್‌ನಲ್ಲಿ ಇದು ಉಲ್ಟಾ ಹೋಗುತ್ತೆ, ಸ್ಟೀರಿಂಗ್ ಉಲ್ಟಾ ತಿರುಗ್ಸೋದು ನಂಗಿರ್ಲಿ."

ಮರ್ನಿ ಬಾಯಿ ಮುಚ್ಚಿ ಕೈ ತೋರಿಸಿದಳು. ಟ್ರೇಲರ್, ಹೊಟ್ಟೆ ತುಂಬಿದ ಎಮ್ಮೆ ಕೊಟ್ಟಿಗೆಗೆ ಹೋಗುವ ಹಾಗೆ, ಮೆಲ್ಲಗೆ ಒಳಗೆ ಹೋಯಿತು. ಹೋಗುವಾಗ ಕಸದ ಡಬ್ಬಿಯೊಂದನ್ನು ಉರುಳಿಸಿತು, ಇರಲಿ.

"ಒಂಬತ್ತು," ಎಂದ ತಾತ. "ಡಬ್ಬಿಗೆ ಒಂದು ಕಟ್."

ಅಮ್ಮ ಇಳಿದಳು. "ಆ ಒಂದು ಮಾರ್ಕ್ಸ್ ಬದ್ಲು ಕಾಫಿ ಕೊಡಿ ತಾತ." ತಾಯಿ ಮಗಳು ಹೊಟ್ಟೆ ಹಿಡಿದು ನಕ್ಕರು.

ಹಾಟ್‌ಡಾಗ್ ಬೇಯುತ್ತಿರುವಾಗ ಇನ್ನೊಂದು ಟ್ರೇಲರ್ ಬಂತು.

"ಬಾರೇ ಮರ್ನಿ, ನಿನ್ ಸೀಟು," ಎಂದು ತಾತ ಕುರ್ಚಿ ತಟ್ಟಿದ.

ಆ ಟ್ರೇಲರಿನ ಹಿಂದೆ ಒಬ್ಬ ಹುಡುಗ "ಬಲಕ್ಕೆ ಅಪ್ಪಾ, ಬಲಕ್ಕೆ" ಎಂದು ಕಿರುಚುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು.

ಮರ್ನಿ ಹೋಗಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಇಲ್ಲಿ ನಿಲ್ಲು. ಕನ್ನಡೀಲಿ ನಿಮ್ಮಪ್ಪ ಕಾಣ್ತಾರಾ?"