ಬಲಗೈಯ ಮಸಿ

ಓಟಿನ ಮಸಿ ಎಲ್ಲರಿಗೂ ಎಡಗೈಗಾದರೆ ಬ್ಯಾಕೋಡಿನ ಕನ್ನಪ್ಪನಿಗೆ ಎರಡೂ ಕೈಗೆ. ಎಡಗೈಯದು ಅವನ ಓಟಿನದು, ಬಲಗೈಯದು ಅದೇ ಊರಿನ ಕಣ್ಣು ಕಾಣದ ಹುಡುಗಿ ತನುಜಾಳ ಓಟಿನದು. ಅಂಥವರ ಜೊತೆ ಹೋಗಿ ಬಟನ್ ಒತ್ತಿಕೊಡುವವರ ಬಲ ತೋರುಬೆರಳಿಗೆ ಗುರುತು ಹಾಕುವುದು ಕಾನೂನು. ಅವನ ಗಿರಣಿಗೆ ಬರುವ ಹೆಂಗಸರು, ಹಿಟ್ಟು ಮೆತ್ತಿದ ಕೈಯಲ್ಲಿ ಆ ಕಪ್ಪು ಕಂಡು, ಮದುವೆಗೆ ಮೊದಲೇ ಮದರಂಗಿ ಆಯಿತಲ್ಲ ಎಂದು ಕೆಣಕುತ್ತಿದ್ದರು. ಅವನು ನಕ್ಕು ಹಿಟ್ಟು ತುಂಬಿಕೊಡುತ್ತಿದ್ದ. ಪುಣ್ಯಾತ್ಮ, ಅವಳ ಹತ್ತಿರ ಒಂದು ಮಾತು ಬಾಯಿಬಿಟ್ಟು ಹೇಳಬಾರದೇ! ಉಗುರು ಬೆಳೆದು ಮಸಿ ಪೂರ್ತಿ ಕತ್ತರಿಸಿ ಹೋದ ದಿನ ಮಾತ್ರ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೋದ ವರ್ಷ ತನುಜಾ ಬ್ರೈಲ್ ಕಲಿಯಲು ಶಿವಮೊಗ್ಗಕ್ಕೆ ಹೋದಳು. ಸಂಜೆ ಗಿರಣಿ ನಿಲ್ಲಿಸಿದರೆ ಅವನಿಗೆ ಮಾತಾಡಲು ಜನವಿಲ್ಲ. ಫೋನ್ ಕೈಗೆತ್ತಿಕೊಂಡು, ಏನಂತ ಕೇಳಲಿ ಎಂದು ಮತ್ತೆ ಇಡುತ್ತಿದ್ದ. ಓಟಿಗಂತೂ ಬಂದೇ ಬರುತ್ತಾಳೆ ಎಂಬುದೊಂದೇ ಅವನ ಧೈರ್ಯ.

ಬಂದಳು. ಮನೆಗೇ ಬಂದು ಓಟು ಹಾಕಿಸುತ್ತೇವೆ ಎಂದಿದ್ದ ಅಧಿಕಾರಿಗಳಿಗೆ, ಎಲ್ಲರ ಹಾಗೆ ಸಾಲಲ್ಲಿ ನಿಂತೇ ಹಾಕುತ್ತೇನೆ ಎಂದಿದ್ದಳಂತೆ. ಕನ್ನಪ್ಪ ಬೆಳಿಗ್ಗೆಯೇ ತನ್ನ ಓಟು ಮುಗಿಸಿ, ಶಾಲೆಯ ಬೂತಿನಲ್ಲಿ ಅವಳ ಪಕ್ಕ ನಿಂತ. ಅವಳ ಮುಡಿಯ ಮಲ್ಲಿಗೆಯನ್ನು ಕದ್ದು ನೋಡಿದ್ದಷ್ಟೇ.

“ಎಂತ ನೋಡ್ತಿದೀರ?” ಎಂದಳು ಸಣ್ಣಗೆ ನಕ್ಕು. “ಮಾತು ನಿಂತೋತಲ್ಲ.”

ಅವನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಸರದಿ ಬಂತು. ಅಭ್ಯಾಸಬಲ, ಮೇಜಿನ ಮುಂದೆ ಬಲಗೈ ಚಾಚಿಯೇಬಿಟ್ಟ.

“ಇವ್ರು ಒಳಗೆ ಬರೋದು ಬೇಡ ಸರ್. ಮಿಷನ್ ಮೇಲಿನ ಬ್ರೈಲ್ ಅಂಕಿ ಮುಟ್ಟಿ ನಾನೇ ಹಾಕ್ತೀನಿ,” ಎಂದಳು ತನುಜಾ.

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕನ್ನಪ್ಪ ಹೊರಗೆ ಬಂದು ನಿಂತ. ಒಳಗೆ ಮಿಷನ್ ಪೀಂ ಎಂದಿತು. ಅವಳು ತಾನೇ ಹಾಕಿದ ಮೊದಲ ಓಟು. ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಎದೆಯೆಲ್ಲ ಖಾಲಿಯಾಯಿತು. ಇನ್ನು ಯಾವ ನೆಪದಲ್ಲಿ ಅವಳ ಮನೆ ಬಾಗಿಲಿಗೆ ಹೋಗುವುದು?

ಕೋಲು ತಟ್ಟುತ್ತ ತನುಜಾ ಹೊರಗೆ ಬಂದು ಮೆಟ್ಟಿಲನ್ನು ಒಬ್ಬಳೇ ಇಳಿದಳು.

“ಇನ್ಮೇಲೆ ನಿಂಗೆ ನಾನು ಬೇಕಾಗಲ್ಲ,” ಎಂದ.

“ಓಟಿಗೆ ಬೇಕಾಗಲ್ಲ.” ಅವಳು ಅವನ ಧ್ವನಿಯತ್ತ ಮುಖ ತಿರುಗಿಸಿದಳು. “ಇಷ್ಟು ವರ್ಷ ನಂಗೆ ಬೇಕಾಗಿದ್ದು ನಿಮ್ ಸಹಾಯನೋ ನೀವೋ ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ. ಅದ್ಕೇ ಬಾಯಿ ಬಿಡ್ಲಿಲ್ಲ. ಈಗ ಬಟನ್ ಒತ್ತಿದ ಕೂಡ್ಲೇ, ಇದನ್ನ ಮೊದ್ಲು ನಿಮ್ಗೆ ಹೇಳ್ಬೇಕು ಅನ್ನಿಸ್ತು. ಆಗ ಗೊತ್ತಾತು.”

ಕನ್ನಪ್ಪ ಒಂದು ಹೆಜ್ಜೆ ಹತ್ತಿರ ಬಂದ.

“ಮಸಿ ಇಲ್ದಿರೋ ಕೈ ಕೊಡಿ,” ಎಂದಳು.

ಕೊಟ್ಟ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆ ಖಾಲಿ ಬೆರಳನ್ನು ಮೆಲ್ಲಗೆ ಸವರಿ, ಗಟ್ಟಿಯಾಗಿ ಹಿಡಿದಳು. ಸಾಲಲ್ಲಿ ನಿಂತ ಗಿರಣಿಯ ಹೆಂಗಸರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

“ಎಲ್ಲಾ ನೋಡ್ತಿದಾರೆ,” ಎಂದು ಪಿಸುಗುಟ್ಟಿದ ಅವನು.

“ನೋಡ್ಲಿ,” ಎಂದಳು ಅವಳು. ಕೈ ಬಿಡಲಿಲ್ಲ.