ಗೋಡೆಯ ಮೇಲಿನ ಊಟದ ಪಂಕ್ತಿ

"ಆ ಕುಂಚ ಕೆಳಗಿಡ್ರಿ."

ಹಿಂದಿನಿಂದ ದನಿ ಬಂದಾಗ ಸುಚಿತ್ರಾ ಆಗಷ್ಟೇ ಕುಂಚ ಎತ್ತಿಕೊಂಡಿದ್ದಳು. ತಿರುಗಿ ನೋಡಿದಳು... ಮೊಣಕೈವರೆಗೆ ನೀಲಿ ಬಣ್ಣ ಮೆತ್ತಿಕೊಂಡ ಯುವಕನೊಬ್ಬ ಏಣಿಯ ಮೇಲಿಂದ ಅವಳನ್ನೇ ನೋಡುತ್ತಿದ್ದ.

ಅಜ್ಜಿ ಹೇಳುವ ಕಥೆಗಳಲ್ಲಿ ರಾಜಕುಮಾರ ಕುದುರೆ ಏರಿ ಬರುತ್ತಾನೆ. ಇವನು ಏಣಿ ಏರಿ ನಿಂತಿದ್ದಾನಲ್ಲ!

ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಸೀನು ಬಂತು. ಬ್ಯಾಡಗಿಯ ಹಳೆಯ ಮೆಣಸಿನಕಾಯಿ ಗೋದಾಮಿನ ಗೋಡೆ ಅದು. ಗಾಳಿಯ ತುಂಬ ಘಾಟು. ಒಂದಾದ ಮೇಲೊಂದು ಸೀನಿ ಸೀನಿ ಅವಳ ಕಣ್ಣು ಮೂಗೆಲ್ಲ ಕೆಂಪಾದವು.

"ಮೊದ್ಲ ಸೀನಿ ಮುಗಸ್ರಿ. ಆಮ್ಯಾಲೆ ಜಗಳಾ ಮಾಡೂಣು," ಎಂದು ಅವನು ನಗುತ್ತ ಕೆಳಗಿಳಿದ.

ಅವನ ಹೆಸರು ನಂದನ. ಹಾವೇರಿಯವನು. ಮನೆಯವರು ಯಾರಾದರೂ ಜೈಲಿನಲ್ಲಿರುವ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಆ ಗೋಡೆಯ ಉದ್ದಕ್ಕೂ ಒಂದು ಊಟದ ಪಂಕ್ತಿಯ ಚಿತ್ರ ಬರೆಸುತ್ತಿದ್ದ. ಮನೆಯ ಊಟಕ್ಕೆ ಬಾರದೆ ಉಳಿದವರನ್ನು ಒಬ್ಬೊಬ್ಬರೂ ಇಲ್ಲಿ ಎಲೆಯ ಮುಂದೆ ಕೂರಿಸಬೇಕು.

"ನಮ್ದೊಂದು ನಿಯಮ ಐತ್ರಿ. ಮನಿಯವ್ರು ಒಳಗಿದ್ದವ್ರು ಅಷ್ಟ ಕುಂಚ ಹಿಡೀಬೇಕು. ಉಳಿದವ್ರು ಬಣ್ಣಾ ಕಲಸ್ಬೇಕು, ಏಣಿ ಹಿಡೀಬೇಕು. ನಿಮ್ಮ ಮನ್ಯಾಗ ಯಾರರ ಒಳಗದಾರೇನ್ರಿ?"

ಇದ್ದರು. ಮೇಡ್ಲೇರಿಯ ಹೊಲದಲ್ಲಿ ನೀರಿನ ಜಗಳಕ್ಕೆ ಕೈಮೀರಿ ಒಬ್ಬನನ್ನು ಹೊಡೆದ ಅಪ್ಪ ಹೊಳಿಯಪ್ಪ. ಫೋನಿನಲ್ಲಿ ಈ ಗೋಡೆಯ ಫೋಟೋ ನೋಡಿ ಅವನಿಗಾಗಿಯೇ ಅವಳು ರಾಣೇಬೆನ್ನೂರಿನಿಂದ ಬಸ್ಸು ಹತ್ತಿ ಬಂದಿದ್ದಳು.

ಆದರೆ ಬಾಯಿಗೆ ಬಂದದ್ದು ರೂಢಿಯಾಗಿದ್ದ ಮಾತು.

"ಇಲ್ರಿ... ನಮ್ಮಪ್ಪ ಗೋವಾದಾಗ ಕೆಲ್ಸಾ ಮಾಡ್ತಾನ್ರಿ."

"ಹಂಗಾರ ಬಣ್ಣಾ ಕಲಸ್ರಿ," ಎಂದ ನಂದನ.

ಕಲಸಿದಳು! ಪ್ರತಿ ಭಾನುವಾರ ಬಂದು ಕಲಸಿದಳು. ಕುಂಚ ಹಿಡಿಯಲು ಬೆರಳು ತುಡಿಯುತ್ತಿದ್ದವು. ಆದರೂ ವಾರವಿಡೀ ಭಾನುವಾರಕ್ಕಾಗಿ ಕಾಯುತ್ತಿದ್ದಳು. ಅವನು ಬರೆಯುತ್ತಿದ್ದದ್ದು ಒಬ್ಬ ಹೆಂಗಸಿನ ಚಿತ್ರ. ಬರಲಾಗದ ಯಾರದೋ ಪರವಾಗಿ ಬರೆಯುತ್ತಿರಬೇಕು, ಕಲಿಸುವವನಿಗೆ ಎಲ್ಲಿಯ ನಿಯಮ ಎಂದುಕೊಂಡಳು.

"ಗೋದಿ ಬಣ್ಣಕ್ಕ ಇನ್ನೊಂಚೂರು ಕೆಂಪು ಬೇಕ್ರಿ," ಎನ್ನುತ್ತಿದ್ದ. ಬಟ್ಟಲು ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಅವಳ ಎದೆಯಲ್ಲಿ ಡೊಳ್ಳು!

ಅಣ್ಣನನ್ನು ಬರೆಯುತ್ತಿದ್ದ ಅಂಜಲಿಯ ನಾಲಿಗೆ ಸುಮ್ಮನಿರುತ್ತಿರಲಿಲ್ಲ. "ಸರ್ ಬಣ್ಣಾ ಬೆಣ್ಣಿಯಂಗ ನುಣ್ಣಗ ಐತಿ, ನಮ್ಮದು ಗಂಟು ಗಂಟು. ಯಾಕವಾ ಸುಚಿತ್ರಾ?"

"ನಿನ್ನ ಬಾಯಿಗೆ ಗಂಟು ಹಾಕೂದು ಮರ್ತಿದ್ನಿ, ಅದಕ್ಕ," ಎನ್ನುತ್ತಿದ್ದಳು ಸುಚಿತ್ರಾ. ಏಣಿಯ ಮೇಲೆ ನಂದನನ ಕಿವಿ ಕೆಂಪಾಗುತ್ತಿತ್ತು.

ಗೋಡೆ ಮುಗಿಯುತ್ತ ಬಂದಾಗ ಅವಳು ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಇದು ಮುಗದ ಮ್ಯಾಲೂ... ನಾವು ಭೆಟ್ಟಿ ಆಗೂಣೇನ್ರಿ?"

ಅವನ ಕಣ್ಣು ಒಂದು ಕ್ಷಣ ಬೆಳಗಿತು. ಮರುಕ್ಷಣವೇ ಮುಖ ತಿರುಗಿಸಿಕೊಂಡ.

"ಬ್ಯಾಡ್ರಿ. ನಿಮ್ಮ ಮನಿತನ ಬ್ಯಾರೆ, ನಂದು ಬ್ಯಾರೆ. ಮುಂದ ತ್ರಾಸ ಆಕ್ಕೈತಿ."

'ಗೊತ್ತಾಗಿಬಿಟ್ಟಿದೆ... ಜೈಲಿಗೆ ಹೋದವನ ಮಗಳು ಅಂತ ಇವನಿಗೆ ಗೊತ್ತಾಗಿಬಿಟ್ಟಿದೆ...'

ಬಟ್ಟಲು ಕೆಳಗಿಟ್ಟು ಬಸ್ಸು ಹತ್ತಿದಳು. ಮುಂದಿನ ಭಾನುವಾರ ಹೋಗಲಿಲ್ಲ. ಮಧ್ಯಾಹ್ನ ಅಂಜಲಿಯ ಫೋನು ಬಂತು.

"ಎಲ್ಲಿ ಹೋಗೀದಿ? ಸಂಜೀಕ ಮಂದಿ ನೋಡಾಕ ಬರ್ತಾರ. ಸರ್ ಅವ್ವನ ಸೀರಿ ಬಣ್ಣಾ ಯಾರಿಗೂ ಕಲಸಾಕ ಬರವಲ್ದು."

"ಯಾರ ಅವ್ವ?"

"ಸರ್ ಅವ್ವ! ಇಷ್ಟು ದಿನಾ ಬಣ್ಣಾ ಕಲಸಿಕೊಟ್ಟಿ, ಯಾರಂತ ಕೇಳಲಿಲ್ಲೇನು?"

"ಅವ್ರು ಸರ್ ಅಲಾ... ಅದಕ್ಕ ಬರೀತಾರ ಅನ್ಕೊಂಡಿದ್ನಿ."

"ನಿಯಮ ಎಲ್ಲಾರಿಗೂ ಒಂದ. ಅವ್ರ ಅವ್ವನೂ ಒಳಗದಾಳ."

ಸುಚಿತ್ರಾ ಫೋನು ಇಟ್ಟಳು. ಅವನು ಅವಳನ್ನು ಕೀಳಾಗಿ ಕಂಡಿರಲಿಲ್ಲ. ಅವಳ ಸುಳ್ಳನ್ನು ನಂಬಿ, ತಾನೇ ಕೀಳು ಅಂದುಕೊಂಡಿದ್ದ!

ಅವಳು ಚಪ್ಪಲಿ ಮೆಟ್ಟುವುದನ್ನು ಅಜ್ಜಿ ಗುಡ್ಡವ್ವ ನೋಡಿದಳು. ಊರಿಗೆಲ್ಲ ಗೋವಾದ ಕಥೆ ಕಟ್ಟಿದವಳು ಆ ಅಜ್ಜಿಯೇ.

"ಎಲ್ಲಿಗಿ?"

"ಅಪ್ಪನ್ನ ಊಟಕ್ಕ ಕುಂದ್ರಸಾಕ. ಬ್ಯಾಡಗಿ ಗ್ವಾಡಿ ಮ್ಯಾಲೆ. ಎಲ್ಲಾರ ಮುಂದ."

ಅಜ್ಜಿ ಎದ್ದು ಹೊಸ್ತಿಲಿಗೆ ಬಂದಳು. ಬಯ್ಯುತ್ತಾಳೆ ಅಂದುಕೊಂಡಳು ಸುಚಿತ್ರಾ.

"ಕೈ ತೊಳಿಸಿ ಕುಂದ್ರಸು," ಎಂದಳು ಗುಡ್ಡವ್ವ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ತೊಳೀದ ಹಂಗ ಉಣ್ಣಾಕ ಕುಂದರ್ತಾನಂವ."

ಬಸ್ಸು ಮೋಟೆಬೆನ್ನೂರು ದಾಟಿ ಬ್ಯಾಡಗಿ ಮುಟ್ಟುವವರೆಗೆ ಅವಳ ಕಾಲು ಒಂದೆಡೆ ನಿಲ್ಲಲಿಲ್ಲ.

ಗೋಡೆಯ ಮುಂದೆ ಆಗಲೇ ಜನ. ಮುಂದಿನ ಸಾಲಿನಲ್ಲಿ ಪ್ರಭಾಕರ! ರಾಣೇಬೆನ್ನೂರಿನಲ್ಲಿ ಅವಳು ಕೆಲಸ ಮಾಡುವ ಬೀಜದ ಅಂಗಡಿಯ ಮಾಲಕ. ಈಗ ಕುಂಚ ಹಿಡಿದರೆ ನಾಳೆ ಇಡೀ ಪೇಟೆಗೆ ಗೊತ್ತು. ಕೆಲಸವೂ ಉಳಿಯುತ್ತದೋ ಇಲ್ಲವೋ...

ನಂದನನ ಅವ್ವನ ಪಕ್ಕದಲ್ಲಿ ಇನ್ನೂ ಜಾಗವಿತ್ತು. ಸುಚಿತ್ರಾ ನೇರವಾಗಿ ಹೋಗಿ ಕುಂಚ ಎತ್ತಿಕೊಂಡಳು.

"ಸುಚಿತ್ರಾ... ನಿಯಮ..." ನಂದನ ತಡವರಿಸಿದ.

"ಗೊತ್ತೈತ್ರಿ. ಗೊತ್ತಿದ್ದ ಹಿಡದೇನಿ."

"ನಿಮ್ಮಪ್ಪ ಗೋವಾದಾಗ ಅದಾನ ಅಂದಿದ್ದಿಯಲ್ಲವಾ?" ಎಂದ ಪ್ರಭಾಕರ.

"ಇಲ್ರಿ. ಜೈಲಿನ್ಯಾಗ ಅದಾನ." ಅವಳು ಕುಂಚವನ್ನು ಬಣ್ಣಕ್ಕೆ ಅದ್ದಿದಳು. "ನನಗ ಹೇಳಾಕ ನಾಚಿಕಿ ಆಗಿತ್ತು. ಈಗಿಲ್ಲ."

ಪ್ರಭಾಕರ ಜನರ ನಡುವೆ ಸರಿದುಹೋದ. ನಾಳೆಯ ಮಾತು ನಾಳೆಗಿರಲಿ! ಅವಳು ಮೊದಲ ಗೆರೆ ಎಳೆದಳು. ಭುಜ, ರುಮಾಲು, ಎಲೆಯ ಕಡೆಗೆ ಚಾಚಿದ ಕೈ... ಅಪ್ಪ ಗೆರೆ ಗೆರೆಯಾಗಿ ಬಂದು ಕುಳಿತ.

ನಂದನ ಅವಳ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಕಣ್ಣು ತುಂಬಿತ್ತು.

"ನನಗ ಯಾಕ ಹೇಳಲಿಲ್ಲ?"

"ನೀವರ ಹೇಳಿದ್ರೇನು?"

ಇಬ್ಬರೂ ನಕ್ಕರು, ಅಳುವಷ್ಟು ನಕ್ಕರು.

"ಕೇಳಲಾರದನ ನಮ್ಮಪ್ಪನ್ನ ನಿಮ್ಮವ್ವನ ಬಾಜೂಕ ಕುಂದ್ರಸೇನಿ," ಎಂದಳು ಮೆಲ್ಲಗೆ. "ಅವ್ರಿಗೆ ಸಿಟ್ಟು ಬರೂದಿಲ್ಲಲಾ?"

"ಯಾಕ ಬರ್ತೈತಿ? ಬೀಗರು ಬಾಜೂಕನ ಕುಂದ್ರಬೇಕಲಾ."

ಅವಳ ಕುಂಚ ಗಾಳಿಯಲ್ಲೇ ನಿಂತಿತು.

"ಅದನ್ನ ಮೊದ್ಲ ನನ್ನ ಕೇಳ್ಬೇಕ್ರಿ."

"ಕೇಳಾಕತ್ತೇನಿ..."

ಸುಚಿತ್ರಾ ಖಾಲಿ ಬಟ್ಟಲನ್ನು ಅವನ ಕೈಗೆ ಕೊಟ್ಟಳು. ಈ ಸಲ ಬೆರಳು ತಾಗಿದ್ದಷ್ಟೇ ಅಲ್ಲ, ಅಲ್ಲೇ ಉಳಿದವು.

"ಹಂಗಾರ ಲಗೂನ ಕರೀ ಬಣ್ಣಾ ಕಲಸ್ರಿ. ನಿಮ್ಮ ಮಾವನ ಮೀಸಿ ಇನ್ನೂ ಬಾಕಿ ಐತಿ."