ತಲೆಯಿಲ್ಲದ ಮದುಮಗಳು

"ಅದನ್ನ ಕೊಳ್ಳಬೇಡಿ. ನಕಲಿ."

ಲಡ್ಲೋ ಪಟ್ಟಣದ ಹಳೆಸಾಮಾನಿನ ಸಂತೆಯಲ್ಲಿ ಪಿಂಗಾಣಿ ಗೊಂಬೆಯೊಂದನ್ನು ಕೊಳ್ಳಲು ಹೊರಟಿದ್ದ ಹೆಸ್ಟರ್ ಸರ್ರನೆ ತಿರುಗಿದಳು. ಹೇಳಿದವನ ಬೆರಳ ತುದಿಗಳಿಗೆಲ್ಲ ಬಣ್ಣ ಮೆತ್ತಿತ್ತು.

"ನಿಮಗೆ ಹೇಗೆ ಗೊತ್ತು?"

"ಎತ್ತಿ ನೋಡಿ. ಹಳೇದಾದ್ರೆ ಇಷ್ಟು ಹಗುರ ಇರಲ್ಲ."

ಎತ್ತಿದಳು. ಹಗುರವಾಗಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಜಾತ್ರೆಗಳಲ್ಲಿ ಬಹುಮಾನವಾಗಿ ಹಂಚುತ್ತಿದ್ದ ಪಿಂಗಾಣಿ ಗೊಂಬೆಗಳನ್ನು ಹನ್ನೆರಡು ವರ್ಷದಿಂದ ಕೂಡಿಡುತ್ತಿದ್ದವಳಿಗೆ ಕಿವಿ ಬಿಸಿಯಾಯಿತು.

ಅವನು ಗಿಡಿಯನ್, ಒಡೆದ ಪಿಂಗಾಣಿ ಸರಿಪಡಿಸುವವನು. ಆಮೇಲೆ ಪ್ರತಿ ಸೋಮವಾರ ಸಂತೆಯಲ್ಲಿ ಸಿಗತೊಡಗಿದ. ಎರಡು ತಿಂಗಳಾದ ಮೇಲೆ, ಯಾರಿಗೂ ತೋರಿಸದ ಗೊಂಬೆಯೊಂದನ್ನು ಸರಿಪಡಿಸಲೆಂದು ಹೆಸ್ಟರ್ ಅವನ ಕೈಗಿಟ್ಟಳು. ಅಂಗೈಯಗಲದ ಮದುಮಕ್ಕಳ ಜೋಡಿ, ಅವಳ ಮುತ್ತಜ್ಜಿ ಜಾತ್ರೆಯಲ್ಲಿ ಗೆದ್ದದ್ದು. ಮದುಮಗಳಿಗೆ ತಲೆಯಿರಲಿಲ್ಲ.

ಅವಳ ಗಂಡ ಲೆನರ್ಡ್ ಮನೆ ಬಿಟ್ಟು ಹೋಗುವಾಗ ಅವಳ ಗೊಂಬೆಗಳನ್ನೆಲ್ಲ ಹೇಳದೆ ಮಾರಿಕೊಂಡಿದ್ದ. ಒಡೆದಿತ್ತೆಂದು ಇದೊಂದು ಉಳಿದಿತ್ತು.

ಮೂರು ವಾರ ಗಿಡಿಯನ್ ಗೊಂಬೆಯ ಸುದ್ದಿಯೇ ಎತ್ತಲಿಲ್ಲ. ಕೇಳಿದರೆ ಮಾತು ಮರೆಸುತ್ತಿದ್ದ. ಹೆಸ್ಟರ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಮಾಡಿ ಕುಡಿಯುವುದನ್ನೇ ಮರೆಯುತ್ತಿದ್ದಳು.

ನಾಲ್ಕನೆಯ ಸೋಮವಾರ ಕಂಡದ್ದೇನು! ಗಿಡಿಯನ್ ಅದೇ ಗೊಂಬೆಯನ್ನು ಸಂತೆಯಲ್ಲಿ ಹಳೆಸಾಮಾನಿನ ಅಂಗಡಿ ಇಟ್ಟಿದ್ದ ಮಿಸೆಸ್ ಓಕ್ಡನ್ ಕೈಗೆ ಕೊಡುತ್ತಿದ್ದ.

ಇವನೂ...?

ಕಸಿದುಕೊಂಡಳು. "ಇದನ್ನೂ ಮಾರೋಕೆ ಬಂದ್ರಾ?"

ಸಂತೆಗೆ ಸಂತೆಯೇ ನೋಡಿತು. ಗಿಡಿಯನ್ ಮುಖ ಬಿಳಿಚಿಕೊಂಡಿತು. ತಿರುಗಿ ಹೊರಟುಹೋದ.

ಹೆಸ್ಟರ್ ನದಿಯ ದಂಡೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಗೆದ್ದೆನೆಂಬ ಸಮಾಧಾನ ಬರಲೇ ಇಲ್ಲ. ಅಷ್ಟರಲ್ಲಿ ಓಕ್ಡನ್ ಏದುಸಿರು ಬಿಡುತ್ತ ಬಂದಳು.

"ಎಂಥ ಹುಡುಗಿಯಮ್ಮ ನೀನು! ನನ್ನ ಒಡಕಲು ಬುಟ್ಟೀಲಿ ಇದಕ್ಕೊಂದು ತಲೆ ಹುಡುಕ್ತಾ ವಾರ ವಾರ ಬರ್ತಿದ್ದ ಕಣೇ. ಇವತ್ತು ಸಿಕ್ಕಿತ್ತು. ಸರಿಯಾಗಿ ಕೂರುತ್ತಾ ನೋಡೋಕೆ ಗೊಂಬೇನ ನನ್ನ ಕೈಗೆ ಕೊಡ್ತಿದ್ದ."

ಹೆಸ್ಟರ್‌ಳ ಅಂಗೈಗೆ ಉಗುರಿನಷ್ಟು ಪುಟ್ಟ ತಲೆ ಬಿತ್ತು. ಕಡಲೆಕಾಳಿನಷ್ಟು ಮುಖ, ನೀಲಿ ಟೋಪಿ.

ಅವಳು ಓಡಿದಳು. ತನ್ನ ಕೆಲಸದ ಕೋಣೆಯಲ್ಲಿ ಗಿಡಿಯನ್ ಕುಂಚ ತೊಳೆಯುತ್ತಿದ್ದ, ತಲೆಯೆತ್ತಲಿಲ್ಲ.

"ನಾನು ಮೊದಲು ಕೇಳಬೇಕಿತ್ತು."

"ಹೌದು."

"ನನಗೆ ನಂಬೋದೇ ಮರೆತುಹೋಗಿದೆ, ಗಿಡಿಯನ್."

ಕುಂಚ ನಿಂತಿತು. "ನಾನೂ ಹೇಳಬೇಕಿತ್ತು. ಸಿಗದೇ ಹೋದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

"ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಅವನು ಬಹಳ ಹೊತ್ತು ಕೈ ಒರೆಸಿಕೊಂಡ.

"ಒಂದಿದೆ. ಸೋಮವಾರ ನಾನು ಬರೋದು ಸಂತೆಗಲ್ಲ."

ಹೆಸ್ಟರ್‌ಳ ಕಣ್ಣು ತುಂಬಿತು. "ಮತ್ತೆ ಮಂಗಳವಾರ ಏನು ಮಾಡ್ತೀರಿ?"

"ಸೋಮವಾರಕ್ಕೆ ಕಾಯ್ತೀನಿ."

ಬಣ್ಣ ಮೆತ್ತಿದ ಆ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ಮೇಲೆ ಕಾಯಬೇಡ ಕಣೋ."